ಗೋಡೌನಿನಿಂದ ಬಂದ ಸೂರ್ಯ

ಸಿನಿಮಾದಲ್ಲಿ ಕಿಟಕಿಯಿಂದ ಸಂಜೆ ಬಿಸಿಲು ಬೀಳುತ್ತದಲ್ಲ... ಅದು ನಿಜವಾದ ಬಿಸಿಲೇ ಆಗಿರಬೇಕೆಂದಿಲ್ಲ. ಸೆಟ್ಟಿನ ಕಿಟಕಿಯಾಚೆ ಯಾರೋ ಒಂದು ಲೈಟು ನಿಲ್ಲಿಸಿರುತ್ತಾರೆ, ಅಷ್ಟೇ!

ಆ ಸೂರ್ಯ ಎಲ್ಲಿ ನಿಲ್ಲಬೇಕೆಂದು ಹೇಳುವವರು ಕ್ಯಾಮೆರಾಮನ್. ಎರ್ರಿಸ್ವಾಮಿ ಅಂಥ ಕ್ಯಾಮೆರಾಮನ್... ಬೆಳಕಿನ ಜೊತೆಗೇ ಸಂಸಾರ ಮಾಡಿ ತಲೆ ನರೆಸಿಕೊಂಡವರು.

ಅವರ ಹತ್ತಿರ ಅಸಿಸ್ಟೆಂಟ್ ಆಗಿ ಸೇರಿದ್ದಳು ಮೇದಿನಿ. "ಯಾಕೆ ಸಾರ್?" ಎಂದು ಕೇಳದಿದ್ದರೆ ಆ ಹುಡುಗಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಈ ಸಿನಿಮಾದಲ್ಲಿ ಅವಳ ತಲೆ ಕೊರೆಯುತ್ತಿದ್ದ "ಯಾಕೆ" ಒಂದೇ...

ಸೆಟ್ಟಿನ ತುಂಬ ಹೊಸ ಎಲ್‌ಇಡಿ ಲೈಟುಗಳಿದ್ದವು. ತಣ್ಣಗೆ ಉರಿದು, ಕೇಳಿದ ಬಣ್ಣ ಕೊಡುವಂಥವು. ಆದರೂ ಎರ್ರಿಸ್ವಾಮಿ ಗೋಡೌನಿನಲ್ಲಿ ಧೂಳು ತಿನ್ನುತ್ತಿದ್ದ ಹಳೇ ಬಲ್ಬಿನ ಲೈಟೊಂದನ್ನು ತರಿಸಿದ್ದರು. ಹೊತ್ತಿಸಿದರೆ ಸಾಕು, ದೋಸೆ ಹೆಂಚಿನಂತೆ ಕಾಯುತ್ತಿತ್ತು!

ಅದನ್ನು ಹಚ್ಚುತ್ತಿದ್ದುದು ಅಜ್ಜಿ ಪಾತ್ರದ ಸೀನುಗಳಿಗೆ ಮಾತ್ರ. ಅದೂ ದಿನವೂ ಅದೇ ಕಿಟಕಿಯಾಚೆ, ಅದೇ ಜಾಗದಲ್ಲಿ.

ಸೆಟ್ಟಿನಲ್ಲಿದ್ದವರೆಲ್ಲ ಬೆವರಿ ಬೆಂಡಾಗುತ್ತಿದ್ದರು. ಡೈರೆಕ್ಟರ್ ಗೊಣಗಿ ಗೊಣಗಿ, ಕೊನೆಗೊಂದು ದಿನ ಎಲ್ಲರೆದುರೇ ಅಂದುಬಿಟ್ಟರು...

"ಸ್ವಾಮಿಗಳಿಗೆ ವಯಸ್ಸಾಯ್ತು ಕಣ್ರೀ. ಹೊಸದು ತಲೆಗೆ ಹತ್ತಲ್ಲ. ಮುಂದಿನ ಪಿಕ್ಚರ್‌ಗೆ ಬೇರೆಯವರನ್ನ ನೋಡ್ಬೇಕು."

ಮೇದಿನಿಗೆ ತಡೆಯಲಾಗಲಿಲ್ಲ. "ಯಾಕೆ ಸಾರ್ ಈ ಹಠ?" ಎಂದು ಕೇಳಿಯೇಬಿಟ್ಟಳು.

ಎರ್ರಿಸ್ವಾಮಿ ನಕ್ಕರು. "ನಂಗೆ ಹೊಸ ಲೈಟು ಆಗಿಬರಲ್ಲವ್ವಾ."

ಅವಳು ನಂಬಲಿಲ್ಲ. ಉಳಿದ ಸೀನುಗಳಿಗೆಲ್ಲ ಅವರೇ ಹೊಸ ಲೈಟು ಹಾಕುತ್ತಿದ್ದರಲ್ಲ!

ಅಜ್ಜಿಯ ಪಾತ್ರ ಪಂಕಜಮ್ಮನವರದು. ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿಕೊಂಡೇ ಬೆಳೆದವರು. "ಇದೇ ನನ್ನ ಕೊನೇ ಪಿಕ್ಚರ್, ಇದೊಂದು ಮುಗಿಸಿಬಿಟ್ರೆ ಸಾಕು" ಎನ್ನುತ್ತಿದ್ದರು.

ಸಂಜೆ ಮನೆಯಲ್ಲಿ ದೀಪ ಹಾಕಿದಾಗ ಕೈಮುಗಿಯುತ್ತೇವಲ್ಲ... ಹಾಗೇ "ಲೈಟ್ಸ್ ಆನ್" ಎಂದು ಕೂಗಿದ ಕೂಡಲೇ ಪಂಕಜಮ್ಮ ಬೆಳಕಿನ ಕಡೆ ತಿರುಗಿ ಕೈಮುಗಿಯುತ್ತಿದ್ದರು. ಆ್ಯಕ್ಟಿಂಗ್ ಎಲ್ಲ ಆಮೇಲೆ.

ಅವರ ಕೊನೆಯ ಸೀನಿನ ದಿನ ಬಂತು. ಮಗಳು ಬಂದಳೆಂದು ಅಜ್ಜಿ ಕುರ್ಚಿಯಿಂದ ಎದ್ದು, ಕಿಟಕಿಯ ಬಿಸಿಲಿಗೆ ಮುಖವೊಡ್ಡಿ ನಗಬೇಕು.

ಎರ್ರಿಸ್ವಾಮಿ ಹೊರಗೆ ಇನ್ನೊಂದು ಶಾಟ್ ನೋಡಲು ಹೋಗಿದ್ದರು. ಲೈಟಿಂಗ್ ಮೇದಿನಿಯ ಪಾಲಿಗೆ ಬಂತು.

ಸಾರ್ ಹೆಸರು ಉಳಿಸಲು ಇದೇ ಚಾನ್ಸ್ ಎಂದುಕೊಂಡಳು ಪಾಪ! ಹಳೇ ಲೈಟು ಸರಿಸಿ, ಅದೇ ಬಣ್ಣದ ಎಲ್‌ಇಡಿ ಇಟ್ಟಳು. ಮಾನಿಟರ್‌ನಲ್ಲಿ ಒಂಚೂರೂ ವ್ಯತ್ಯಾಸವಿಲ್ಲ. ಡೈರೆಕ್ಟರ್ ಖುಷಿಯಾದರು.

"ಲೈಟ್ಸ್ ಆನ್!"

ಪಂಕಜಮ್ಮ ಎದ್ದು ನಿಂತರು. ಕೆನ್ನೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಒಡ್ಡಿದರು. ಏನನ್ನೋ ಹುಡುಕುವಂತೆ...

ಆಮೇಲೆ ಕಿಟಕಿಗೆ ಬೆನ್ನು ಹಾಕಿ, ಬರೀ ಗೋಡೆಗೆ ಕೈಮುಗಿದರು.

ಯಾರೋ ಕಿಸಕ್ಕನೆ ನಕ್ಕರು. ಮೇದಿನಿಗೆ ತಟ್ಟನೆ ಹೊಳೆಯಿತು.

ಪಂಕಜಮ್ಮನವರಿಗೆ ಕಣ್ಣು ಕಾಣುವುದಿಲ್ಲ! ಇಷ್ಟು ದಿನ ಅವರು ಮುಖ ತಿರುಗಿಸುತ್ತಿದ್ದುದು ಕೆನ್ನೆಗೆ ತಾಗುವ ಆ ಬಿಸಿಯ ಕಡೆಗೆ!

"ಏನಮ್ಮಾ ಇದು? ಕಿಟಕಿ ಆ ಕಡೆ ಇದೆ, ಕಾಣಲ್ವಾ?" ಡೈರೆಕ್ಟರ್ ರೇಗಿದರು.

ಪಂಕಜಮ್ಮ ಮುಗಿದ ಕೈ ಕೆಳಗಿಳಿಸಲೇ ಇಲ್ಲ. ವಿಷಯ ಗೊತ್ತಾದರೆ ಪಾತ್ರ ಇನ್ನೊಬ್ಬರ ಪಾಲಾಗುತ್ತಿತ್ತು...

"ತಪ್ಪು ನಂದು ಸಾರ್!" ಮೇದಿನಿ ಕೂಗಿದಳು. "ಆ ಕಡೆ ತಿರುಗಿ ಅಂತ ನಾನೇ ಅಮ್ಮನಿಗೆ ಹೇಳಿದ್ದೆ. ಈ ಲೈಟೂ ಸರಿ ಬರ್ತಿಲ್ಲ, ಹಳೇದೇ ಬೇಕು."

"ಗುರುವಿಗೆ ತಕ್ಕ ಶಿಷ್ಯೆ!" ಎಲ್ಲರೆದುರು ಅವಳಿಗೆ ಚೆನ್ನಾಗಿಯೇ ಮಂಗಳಾರತಿ ಆಯಿತು.

ಹಳೇ ಲೈಟು ಬಂತು. ನಿಧಾನವಾಗಿ ಕಾಯಿತು...

ಪಂಕಜಮ್ಮನ ಮುಖ ಮೆಲ್ಲಗೆ ಕಿಟಕಿಯತ್ತ ತಿರುಗಿತು. ಕೈಮುಗಿದರು. ಆಮೇಲೆ ಎಂಥಾ ನಗು ನಕ್ಕರೆಂದರೆ, ಬೈದ ಡೈರೆಕ್ಟರೇ ಕಣ್ಣು ಒರೆಸಿಕೊಂಡರು. ಒಂದೇ ಟೇಕಿಗೆ ಓಕೆ!

ಎರ್ರಿಸ್ವಾಮಿ ಬಂದ ಮೇಲೆ ಮೇದಿನಿ ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದಳು. "ನಿಮಗೆ ಯಾವಾಗ ಗೊತ್ತಾಯ್ತು ಸಾರ್?"

"ಮೊದಲನೇ ದಿನಾನೇ ಅವ್ವಾ. ಹೊಸ ಲೈಟು ಎಡಕ್ಕಿತ್ತು, ಅಮ್ಮ ಬಲಕ್ಕೆ ಕೈಮುಗಿದ್ರು. ನನ್ನ ಕಣ್ಣಿಗೆ ಬಿತ್ತು. ಮಾರನೇ ದಿನಾನೇ ಈ ಹಳೇದನ್ನ ತರಿಸಿದೆ."

"ಡೈರೆಕ್ಟರ್‌ಗೆ ಒಂದು ಮಾತು ಹೇಳಿದ್ರೆ ನಿಮಗೆ ಈ ಕೆಟ್ಟ ಹೆಸರು ಬರ್ತಿರಲಿಲ್ಲ..."

ಎರ್ರಿಸ್ವಾಮಿ ಆರುತ್ತಿದ್ದ ಆ ಹಳೇ ಲೈಟನ್ನೇ ನೋಡುತ್ತಿದ್ದರು.

"ಬೆಳಕು ಹಾಕೋದು ನಾನು ಬೇಗ ಕಲ್ತೆ ಮೇದಿನಿ. ಯಾವುದನ್ನ ಕತ್ತಲಲ್ಲಿ ಬಿಡಬೇಕು ಅಂತ ಕಲಿಯೋಕೆ ಮಾತ್ರ ಇಷ್ಟು ವಯಸ್ಸಾಯ್ತು ನೋಡು."

ಮೇದಿನಿ ಟೀ ತೆಗೆದುಕೊಂಡು ಪಂಕಜಮ್ಮನ ಹತ್ತಿರ ಹೋದಳು. ಅವರು ತಡಕಾಡಿ ಅವಳ ಕೈ ಹಿಡಿದುಕೊಂಡರು.

"ನನ್ನ ಮಾನ ಉಳಿಸಿದೆ ಮಗಳೇ... ಇನ್ನೊಂದು ಉಪಕಾರ ಮಾಡು. ನನ್ನ ಕಣ್ಣಿನ ವಿಷ್ಯ ನಿಮ್ಮ ಸಾರ್‌ಗೆ ಮಾತ್ರ ಹೇಳ್ಬೇಡ. ಪಾಪ, ಅವರಿಗೇನೂ ಗೊತ್ತಿಲ್ಲ. ಅವರಿಗೆ ಹೊಸ ಲೈಟು ಆಗಿಬರಲ್ವಂತೆ... ಅದೊಂದು ನನ್ನ ಪುಣ್ಯ ನೋಡು!"

ಮೇದಿನಿಗೆ ಕಣ್ಣೀರು ಒರೆಸಿಕೊಳ್ಳುವುದಕ್ಕೂ ಆಗಲಿಲ್ಲ, ಕೈ ಅವರ ಕೈಯಲ್ಲಿತ್ತು.

"ಹೌದಮ್ಮ," ಅಂದಳು. "ನಮ್ಮ ಸಾರ್‌ಗೆ ಹೊಸ ಲೈಟು ಆಗಿಬರೋದೇ ಇಲ್ಲ."

*

ಎದ್ದು ಕಾಣುವಂತೆ ಮಾಡುವ ಬೆಳಕು ದೊಡ್ಡದು... ಒಬ್ಬರಿಗೇ ತಿಳಿಯದಂತೆ ಅವರ ಮಾನ ಕಾಯುವ ಬೆಳಕು ಅದಕ್ಕಿಂತ ದೊಡ್ಡದು.

ನಿಮಗೇ ಗೊತ್ತಾಗದ ಹಾಗೆ, ಕೆಟ್ಟ ಹೆಸರು ಹೊತ್ತುಕೊಂಡು, ನಿಮ್ಮ ಕಿಟಕಿಯಾಚೆ ಇಂಥ ಸೂರ್ಯನನ್ನು ನಿಲ್ಲಿಸಿದವರು ಯಾರಿರಬಹುದು... ಯಾವತ್ತಾದರೂ ಯೋಚಿಸಿದ್ದೀರಾ?