ನಂಬಲಾಗಿದೆ

‘ಮೃತಪಟ್ಟಿದ್ದಾರೆಂದು ನಂಬಲಾಗಿದೆ’ ಎಂದು ಟೈಪ್ ಮಾಡಿದ ವರದಿಗಾರ ಹರೀಶನ ಕೈ ಪಕ್ಕದಲ್ಲೇ ಕಾಶಿ ಹಳದಿಗಟ್ಟಿದ ಪತ್ರಿಕೆಯ ತುಣುಕೊಂದನ್ನು ಇಟ್ಟಳು. ಅವಳ ಗಂಡ ರಾಮಾ ಹೋಗಿದ್ದ ದೋಣಿ ಹನ್ನೊಂದು ದಿನವಾದರೂ ಅಂಕೋಲೆಗೆ ಮರಳಿರಲಿಲ್ಲ. ಐದು ಗಂಟೆಯೊಳಗೆ ಸುದ್ದಿ ಕಾರವಾರದ ಕಚೇರಿಗೆ ಹೋಗಬೇಕಿತ್ತು.

“ಇದ್ನೂ ಓದು, ತಮಾ.”

ಅದು ಎರಡನೇ ಮಹಾಯುದ್ಧದ ಕಾಲದ ಇಂಗ್ಲಿಷ್ ಸುದ್ದಿ. ಮುಳುಗಿದ ಹಡಗಿನ ಕೆಲಸಗಾರರ ಹೆಸರುಗಳ ಕೆಳಗೆ ‘ಬಿಲೀವ್ಡ್ ಡ್ರೌನ್ಡ್’ ಎಂದಿತ್ತು: ಮುಳುಗಿ ಸತ್ತರೆಂದು ನಂಬಲಾಗಿದೆ.

“ಇದ್ನ ಓದಿಸ್ಕಂಡೇ ನಮ್ಮಜ್ಜಿ ಬಳೆ ಒಡೆದ್ರು. ನಾಕು ತಿಂಗ್ಳಿಗೆ ಅಜ್ಜ ನಡ್ಕಂಡು ಮನೆಗೆ ಬಂದ. ನಾಳೆ ನಿನ್ನ ಪೇಪರ್ ನೋಡಿ ನಮ್ಮತ್ತೆ ನನ್ನ ಬಳೇನೂ ಒಡಸ್ತಾಳೆ.”

“ಎಲ್ರೂ ಹಂಗೇ ಬರೀತಾರೆ ಅಕ್ಕಾ. ನಾ ಬಿಟ್ರೂ ಕಚೇರಿಯವರು ಸೇರಿಸ್ತಾರೆ.”

“ಯಾರು ನಂಬಿದ್ದು? ನನ್ನ ಕೇಳಿದ್ರಾ?” ಕಾಶಿ ಪರದೆಯ ಮೇಲೆ ಬೆರಳಿಟ್ಟಳು. ಹಸಿರು ಬಳೆಗಳು ಅದಕ್ಕೆ ತಾಗಿ ಸದ್ದಾದವು. “ಬರಿ. ಆದ್ರೆ ನಿನ್ನ ಹೆಸ್ರು ಹಾಕು. ‘ಹರೀಶ ನಂಬಿದಾನೆ’ ಅಂತ.”

ಐದಾಗಲು ನಾಲ್ಕು ನಿಮಿಷವಿತ್ತು. ಕಚೇರಿಯ ಕರೆಗೆ ಫೋನ್ ಹೊಡೆದುಕೊಳ್ಳತೊಡಗಿತು. ಹರೀಶ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿದ. ಎರಡನೆಯದಕ್ಕೆ ಬೆರಳು ಏಳಲಿಲ್ಲ.