ಅಕ್ಷರ ತೊಳೆದ ನೀರು

ಕಾದ ಕಲ್ಲಿಗೆ ನೀರು ಬಿದ್ದ ವಾಸನೆ ಬಂದರೆ ಈಗಲೂ ನನ್ನ ಗಂಟಲು ಒಣಗುತ್ತದೆ.

ಅರವತ್ತರ ದಶಕದ ಒಂದು ಬೇಸಿಗೆ. ನನಗೆ ಏಳು ವರ್ಷ. ಕುಂದುರ್ಪಿಯ ನಮ್ಮ ಮನೆಯಲ್ಲಿ ಎಮ್ಮೆ ಮೇವು ಬಿಟ್ಟು ಮಲಗಿತ್ತು. ಬ್ರಹ್ಮಗಿರಿಯ ಅಕ್ಷರದ ಬಂಡೆ ತೊಳೆದ ನೀರು ಕುಡಿಸಿದರೆ ಕಾಯಿಲೆಯ ದನಕರು ಎದ್ದು ನಿಲ್ಲುತ್ತವೆಂದು ನಮ್ಮ ಕಡೆಯವರ ನಂಬಿಕೆ. ಅವ್ವ ನನ್ನನ್ನು ಕರೆದುಕೊಂಡು ಲಾರಿ ಹತ್ತಿದಳು. ಇಳಿದ ಮೇಲೆ ಬಹಳ ದೂರ ನಡೆದೆವು.

ಬಂಡೆಯ ಅಕ್ಷರಗಳು ಬೆರಳಿಗೆ ಒರಟಾಗಿದ್ದವು. ಅವ್ವ ಅವುಗಳ ಮೇಲೆ ನೀರು ಸುರಿದು, ಸೆರಗಿನಲ್ಲಿ ಒತ್ತಿ, ಚೊಂಬಿಗೆ ಹಿಂಡಿದಳು. ಅಷ್ಟರಲ್ಲಿ ಕಾವಲುಗಾರ ಬಂದ.

"ತೊಳೀಬಾರ್ದು ಕಣಮ್ಮ. ಬುದ್ಧನ ದಾರಿ ಹಿಡಿದ ಅಶೋಕ ರಾಜ ಬರೆಸಿದ್ದು ಇದು."

"ಏನಂತ ಬರ್ಸವ್ನೆ?"

"ಪ್ರಾಣಿಗಳ ಮೇಲೆ ದಯೆ ಇರ್ಬೇಕು, ನಿಜ ಹೇಳ್ಬೇಕು ಅಂತ."

"ಎಮ್ಮೆಗೇ ಕಣಪ್ಪ ತಗಂಡೋಗ್ತಿರೋದು," ಅಂದಳು ಅವ್ವ. ಅವನು ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿ ಕೂತ.

ವಾಪಸು ಬರುವ ದಾರಿಯಲ್ಲಿ ಒಂದು ಬಾವಿಯೂ ಇರಲಿಲ್ಲ. ಕಾಲು ಸೋತು ನಾನು ಮಣ್ಣಿನಲ್ಲೇ ಕೂತುಬಿಟ್ಟೆ. ಅವ್ವ ಚೊಂಬನ್ನು ನೋಡಿದಳು, ನನ್ನನ್ನು ನೋಡಿದಳು.

"ಹೋಗ್ಲಿ, ಕುಡಿ."

ಕಲ್ಲಿನ ರುಚಿಯ ಆ ನೀರನ್ನು ತಳದವರೆಗೂ ಕುಡಿದೆ.

ಊರ ಬಾವಿಯಲ್ಲಿ ಅವ್ವ ಚೊಂಬು ತುಂಬಿಸಿಕೊಂಡಳು. ಅದನ್ನೇ ಎಮ್ಮೆಯ ಬಾಯಿಗೆ ಹಾಕಿದಳು.

ಮೂರನೇ ದಿನ ಎಮ್ಮೆ ಸತ್ತಿತು. ಅದರ ಕೊರಳ ಹಗ್ಗ ಬಿಚ್ಚುತ್ತ ಅಪ್ಪ ಕೇಳಿದ, "ಬಂಡೆನ ಸರ್ಯಾಗಿ ತೊಳದ್ಯೇನೇ?"

ನಾನು ಅವ್ವನ ಸೆರಗು ಹಿಡಿದುಕೊಂಡೆ.

"ಇಲ್ಲ ಕಣಯ್ಯ," ಅಂದಳು ಅವ್ವ. "ಆತುರದಾಗೆ ತೊಳದ್ಬುಟ್ಟೆ."