ಕುಲ್ಫಿಗೆ ಹೊಸ ಮನೆ

ಡಿಕ್ಕಿಯಲ್ಲಿ ಸುತ್ತಿಟ್ಟ ಹೊಸ ಹಾಸಿಗೆ ಕಂಡಾಗ ಗಾನವಿಗೆ ಮೈಯೆಲ್ಲ ಉರಿಯಿತು. ಅಂದರೆ ಅಪ್ಪ ಮನಸ್ಸು ಬದಲಾಯಿಸಿಲ್ಲ.

“ಕುಲ್ಫಿಗೆ ಹಾಸಿಗೆ ಯಾಕಮ್ಮ? ಅದು ಮಲಗೋದೇ ಬರೀ ನೆಲದ ಮೇಲೆ.”

“ಹೊಸ ಜಾಗ ಕಣೇ. ಇರ್ಲಿ,” ಎಂದಳು ಹೇಮಾಕ್ಷಿ, ಮಗಳ ಮುಖ ನೋಡದೆ.

ಬಿಟ್ಟುಬರುವ ನಾಯಿಗೆ ಈ ಉಪಚಾರ ಬೇರೆ! ಗಾನವಿ ಹಿಂದಿನ ಸೀಟಿನಲ್ಲಿ ಕುಲ್ಫಿಯನ್ನು ತಬ್ಬಿ ಕೂತಳು. ಬೆಳಗಿನ ಐದಕ್ಕೆ ಕಾರು ಪೆಂಡುರ್ತಿಯ ಮನೆ ಬಿಟ್ಟಿತು. ಓಡಿಸುತ್ತಿದ್ದವನು ಅಪ್ಪ ಜಯರಾಮ. ಮಂಡ್ಯದಿಂದ ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಗೆ ಬಂದು ಇಪ್ಪತ್ತು ವರ್ಷವಾದ ಇಂಜಿನಿಯರ್ ಅವನು. ಒಮ್ಮೆ ನಿರ್ಧರಿಸಿದರೆ ಮುಗಿಯಿತು.

ಮೂರು ವರ್ಷದ ಹಿಂದೆ ಆ ಹಸ್ಕಿ ಮರಿಯನ್ನು ಮನೆಗೆ ತಂದವನೂ ಅವನೇ. ಹಿಮದಲ್ಲಿ ಬಂಡಿ ಎಳೆಯುವ ಜಾತಿ, ಕಡಲತಡಿಯ ಊರಿನ ಬೆವರಿನಲ್ಲಿ ಬಾಳಬೇಕಾಯಿತು. ಹಗಲಿಡೀ ಎಸಿ. ಅನ್ನದಲ್ಲಿ ಕೂದಲು, ಸಾರಿನಲ್ಲಿ ಕೂದಲು, ದೇವರ ಬತ್ತಿಯಲ್ಲೂ ಕೂದಲು. ಕುಕ್ಕರ್ ಕೂಗಿದರೆ ತಾನೂ ಕತ್ತೆತ್ತಿ ಊಳಿಡುತ್ತಿತ್ತು. ಕಾವಲಿಗಂತೂ ದಂಡಪಿಂಡ. ಹಿತ್ತಲಿಗೆ ಇಳಿದ ಕಳ್ಳನ ಕೈ ನೆಕ್ಕಿ ಅವನನ್ನೇ ಆಟಕ್ಕೆ ಕರೆದಿತ್ತು. ಗೇಟಿನ ಚಿಲಕವನ್ನು ಮೂಗಿನಿಂದ ಎತ್ತಿ ಓಡಿಹೋಗಿ, ಎಮ್ಮೆಗಳ ಜೊತೆ ಕೆಸರಿನಲ್ಲಿ ಹೊರಳಿ, ಏನೂ ಆಗದವರ ಹಾಗೆ ಮನೆಗೆ ಬರುತ್ತಿತ್ತು. ಆದರೂ ಗಾನವಿ ಐಸ್ ತುಂಡು ಹಿಡಿದು ಹೆಸರು ಕೂಗಿದರೆ ಆ ನೀಲಿ ಕಣ್ಣುಗಳು ಅರಳುವುದನ್ನು ನೋಡಬೇಕು. ಒಬ್ಬಳೇ ಮಗಳು. ಅವಳ ತಮ್ಮ, ತಂಗಿ, ಗೆಳತಿ ಎಲ್ಲವೂ ಅದೇ.

ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ಜಯರಾಮ ಅಂಕಗಳನ್ನು ನೋಡಿದ, ನಾಯಿಯನ್ನು ನೋಡಿದ. “ಓದೂ ಈ ನಾಯೀನೂ ಒಂದೇ ಮನೇಲಿ ಇರಕ್ಕಾಗಲ್ಲ,” ಎಂದ. ತಿಂಗಳು ಕಳೆದ ಮೇಲೆ ಊಟದ ಹೊತ್ತಿನಲ್ಲಿ ಸುದ್ದಿ ಹೇಳಿದ: “ವಿಜಯವಾಡದಲ್ಲಿ, ಬೆಂಜ್ ಸರ್ಕಲ್ ಹತ್ರ, ರಾಮ್‌ಪ್ರಸಾದ್ ಗಾರು ಅಂತ ಇದಾರೆ. ಮಾತಾಡಿದೀನಿ. ನೀನೂ ಬಂದು ಜಾಗ ನೋಡು, ಸಮಾಧಾನ ಆಗುತ್ತೆ.”

“ವಿಜಯವಾಡ ಇಲ್ಲಿಗಿಂತ ಬೆಂಕಿ ಅಲ್ವಾ ಅಪ್ಪಾ? ಸತ್ತೇ ಹೋಗುತ್ತೆ!”

“ಎಲ್ಲಾ ರೂಮಿಗೂ ಎಸಿ ಇದೆ.”

ಸಿಟ್ಟು ಬಂದರೆ ಗಾನವಿಗೆ ಕನ್ನಡ ಕೈಕೊಡುತ್ತಿತ್ತು. “ನೇನು ಒಪ್ಪುಕೋನು!” ಒಪ್ಪಲ್ಲವೆಂದು ತೆಲುಗಿನಲ್ಲಿ ಕಿರುಚಿ ತಟ್ಟೆ ಬಿಟ್ಟು ಎದ್ದಿದ್ದಳು. ಆಮೇಲೆ ಯೋಚಿಸಿದಳು. ದಾರಿಯಲ್ಲಿ ಏಳು ಗಂಟೆ ಸಿಗುತ್ತದೆ, ಅಷ್ಟರಲ್ಲಿ ಅಪ್ಪನನ್ನು ಕರಗಿಸಬಹುದು. ಅದಕ್ಕೇ ಕಾರು ಹತ್ತಿದ್ದಳು.

ತುನಿ ದಾಟುವಾಗ ಫೋನ್ ಬಂತು. ಜಯರಾಮ ತೆಲುಗಿನಲ್ಲಿ, ತುಂಬ ವಿನಯದಿಂದ ಮಾತಾಡಿದ. ಮೊದಲ ವಾರ ಊಟ ಬಿಡಬಹುದು ಸಾರ್, ಮಹಾ ಹಟ. ಆಮೇಲೆ ಸರಿಹೋಗುತ್ತೆ. ಗೇಟು ಮಾತ್ರ ಹುಷಾರಾಗಿ ನೋಡ್ಕೊಳ್ಳಿ.

ಕುಲ್ಫಿಯ ಕಿವಿ ಮುಚ್ಚಿದಳು ಗಾನವಿ. ಅದು ಅವಳ ಕೆನ್ನೆ ನೆಕ್ಕಿತು. ತನಗೆ ಏನು ಕಾದಿದೆಯೆಂದು ಪಾಪದ ಪ್ರಾಣಿಗೆ ಗೊತ್ತಿಲ್ಲವಲ್ಲ!

ಗೋದಾವರಿ ದಾಟಿದರು. ಏಲೂರು ಬಂತು. ಹೊರಗೆ ರಣಬಿಸಿಲು. ಅವಳು ಚೌಕಾಸಿ ಶುರು ಮಾಡಿದಳು. ದಿನಾ ನಾಲ್ಕೂವರೆಗೆ ಎದ್ದು ನಾನೇ ವಾಕಿಂಗ್ ಮಾಡಿಸುತ್ತೇನೆ. ಕೂದಲು ನಾನೇ ಗುಡಿಸುತ್ತೇನೆ. ಫೋನ್ ಬೇಡ. “ಮನೆ ಹತ್ರದ ಕಾಲೇಜಿಗೇ ಹೋಗ್ತೀನಿ, ಸಂಜೆಯೆಲ್ಲ ಓದ್ತೀನಿ. ನೀನು ಹೇಳಿದಷ್ಟು ಮಾರ್ಕ್ಸ್ ತರ್ತೀನಿ. ಕುಲ್ಫೀನ ಕೊಡಬೇಡ ಅಪ್ಪಾ, ಪ್ಲೀಸ್.” ಕೊನೆಗೆ ಮಾತು ನಿಂತು ಬರೀ ಅಳು ಉಳಿಯಿತು.

ಆಟೋನಗರ್ ಬಳಿ ಲಾರಿಗಳ ಹಿಂದೆ ಕಾರು ನಿಂತಿತು. ಜಯರಾಮ ಕನ್ನಡಿಯಲ್ಲಿ ಮಗಳನ್ನು ಬಹಳ ಹೊತ್ತು ನೋಡಿದ.

“ಆಯ್ತು. ಕುಲ್ಫೀನ ಯಾರಿಗೂ ಕೊಡಲ್ಲ. ವಾಪಸ್ ಕರ್ಕೊಂಡು ಹೋಗ್ತೀವಿ.”

“ನನ್ನ ತಲೆ ಮುಟ್ಟಿ ಹೇಳು.”

ಅವನು ಹಿಂದೆ ತಿರುಗಿ ಅವಳ ನೆತ್ತಿಯ ಮೇಲೆ ಕೈಯಿಟ್ಟ. “ನಿನ್ನಾಣೆ.”

ಗಾನವಿ ಕುಣಿಯುವುದೊಂದು ಬಾಕಿ. ಹೇಮಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ದಿನವೂ ನಾಯಿಗೆ ಬಯ್ಯುತ್ತಿದ್ದ ಅಮ್ಮನಿಗೂ ಅದರ ಮೇಲೆ ಇಷ್ಟು ಪ್ರೀತಿಯಿತ್ತೆಂದು ಗಾನವಿಗೆ ಗೊತ್ತಿರಲಿಲ್ಲ.

“ಇಷ್ಟು ದೂರ ಬಂದಿದೀವಿ,” ಎಂದ ಜಯರಾಮ. “ಅವರು ಕಾಯ್ತಿರ್ತಾರೆ. ಒಂದು ಮಾತು ಹೇಳಿ ಹೋಗೋಣ.”

ಬೆಂಜ್ ಸರ್ಕಲ್ ದಾಟಿ, ಒಂದು ಓಣಿಗೆ ತಿರುಗಿ, ಎತ್ತರದ ಕಾಂಪೌಂಡಿನ ಹಿಂಬದಿ ಗೇಟಿನೊಳಗೆ ಕಾರು ನಿಂತಿತು. ಭಾರೀ ಶ್ರೀಮಂತರೇ ಇರಬೇಕು. ಹೇಮಾಕ್ಷಿ ಕುಲ್ಫಿಯನ್ನು ಹಿಡಿದುಕೊಂಡು ಎಸಿಯಲ್ಲೇ ಕೂತಳು. ಗಾನವಿ ಇಳಿದು ಮುಂದೆ ನಡೆದಳು. ಹೇಳಬೇಕಾದ ಮಾತನ್ನು ತೆಲುಗಿನಲ್ಲಿ ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದಳು.

ರಾಮ್‌ಪ್ರಸಾದ್ ಮೆಟ್ಟಿಲ ಮೇಲೆ ನಿಂತಿದ್ದರು. ಅವಳು ಕೈಮುಗಿದು ಹೇಳಿದಳು. ಸಾರಿ ಅಂಕಲ್, ಬೇಜಾರು ಮಾಡ್ಕೋಬೇಡಿ, ನಾವು ಮನಸ್ಸು ಬದಲಾಯಿಸಿದ್ವಿ, ಕುಲ್ಫಿಯನ್ನು ನಿಮಗೆ ಕೊಡಲ್ಲ.

“ಕುಲ್ಫಿ ಅಂದ್ರೆ?” ಎಂದರು ಅವರು.

“ನಮ್ಮ ನಾಯಿ.” ಅಪ್ಪ ವಿವರಿಸಲಿ ಎಂದು ಅವಳು ಹಿಂತಿರುಗಿದಳು. ವಾಚ್‌ಮನ್ ಡಿಕ್ಕಿಯ ಹಾಸಿಗೆ, ಸಾಮಾನು ಇಳಿಸಿ ಆಗಿತ್ತು. ಜಯರಾಮ ಸ್ಟೀರಿಂಗ್ ಹಿಡಿದು ಕೂತಿದ್ದ, ಕಾರು ಆಗಲೇ ಹಿಂದೆ ಸರಿದು ಗೇಟಿನ ಹೊರಗಿತ್ತು.

“ನಾಯೀನ ನಾವ್ಯಾಕೆ ತಗೋತೀವಮ್ಮಾ? ನಿಮ್ಮಪ್ಪ ಈ ಹಾಸ್ಟೆಲಿಗೆ ಎರಡು ವರ್ಷಕ್ಕೆ ಸೇರಿಸಿರೋದು ನಿನ್ನನ್ನ.”